ಓಲೆಯ ಕಟ್ಟು, ಗಣಕದ ಕೋಷ್ಟಕ

ಡೇಟಾಬೇಸ್ ಎಂಬ ಮಾತು ಇಂದು ಬ್ಯಾಂಕಿನಿಂದ ಹಿಡಿದು ಪಡಿತರದ ಅಂಗಡಿಯವರೆಗೆ ಎಲ್ಲೆಲ್ಲಿಯೂ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ಕೆಲವರು ಅದನ್ನು ದತ್ತಸಂಚಯವೆಂದು ಕರೆದಿದ್ದಾರೆ. ಬೇಕೆಂದಾಗ ಬೇಕಾದುದು ಸಿಕ್ಕುವಂತೆ ವಿವರಗಳನ್ನು ಒಪ್ಪವಾಗಿ ಜೋಡಿಸಿಟ್ಟ ಭಂಡಾರ ಎಂದಷ್ಟೇ ಅದರ ಅರ್ಥ. ಇದನ್ನು ಹೊಸದಾಗಿ ಕಟ್ಟಹೊರಟವರು ಎಲ್ಲಿ ಎಡವುತ್ತಾರೆ, ಅವರಿಗೆ ಎಂಥ ನೆರವು ಬೇಕು ಎಂಬುದನ್ನು ವಿವರಿಸಲು ನಾನು ಮೇಲುಕೋಟೆಯ ತಾಳೆಯೋಲೆಯ ಕಟ್ಟುಗಳನ್ನೇ ನಿದರ್ಶನವಾಗಿ ಆರಿಸಿಕೊಂಡಿದ್ದೇನೆ. ಆ ಊರಿನ ಒಂದೆರಡು ಮನೆಗಳಲ್ಲಿ, ಅಟ್ಟದಿಂದ ಇಳಿಸಿದ ಕಟ್ಟುಗಳ ಪಟ್ಟಿಯನ್ನು ಗಣಕಕ್ಕೆ ಏರಿಸಲು ಹೊರಟ ತರುಣರ ಪಕ್ಕದಲ್ಲಿ ಕುಳಿತು ಕೆಲಸಮಾಡುವ ಅವಕಾಶ ನನಗೆ ದೊರೆತಿತ್ತು.

ರಾಮಾನುಜಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ನೆಲೆಸಿದ್ದ ಬೆಟ್ಟದೂರು ಮೇಲುಕೋಟೆ. ಕವಿ ಪು.ತಿ.ನ. ಅವರು ಹುಟ್ಟಿದ್ದೂ ಅಲ್ಲಿಯೇ, 1905ರಲ್ಲಿ. ಓದುವುದು, ಓದಿದ್ದನ್ನು ಪ್ರತಿಮಾಡಿಕೊಳ್ಳುವುದು ಅಲ್ಲಿನ ಎಷ್ಟೋ ಮನೆಗಳ ನಿತ್ಯಕರ್ಮವಾಗಿತ್ತು. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಅಲ್ಲಿ ಸಂಸ್ಕೃತ ಸಂಶೋಧನ ಸಂಸತ್ತು ಆರಂಭವಾಯಿತು. ವಿದ್ವಾನ್ ಎಂ.ಎ. ಲಕ್ಷ್ಮೀತಾತಾಚಾರ್ಯರ ನೇತೃತ್ವದಲ್ಲಿ ಆ ಸಂಸ್ಥೆ ಓಲೆಗಳನ್ನು ಸಂಗ್ರಹಿಸಿತು. 1985ರಿಂದ ಮೊದಲುಗೊಂಡು ಶ್ರೀಭಾಷ್ಯದ ಪರಿಷ್ಕೃತ ಆವೃತ್ತಿಯನ್ನು ಸಂಪುಟಗಳಲ್ಲಿ ಹೊರತಂದಿತು. ಸಂಸ್ಕೃತ ವ್ಯಾಕರಣವನ್ನು ಗಣಕಕ್ಕೆ ಅಳವಡಿಸುವ ಪ್ರಯತ್ನಕ್ಕೂ ಕೈಹಾಕಿತು. ಗಣಕಕ್ಕೂ ಓಲೆಗೂ ಮೇಲುಕೋಟೆಯಲ್ಲಿ ನೆಂಟಸ್ತಿಕೆ ಬೆಳೆದು ದಶಕಗಳೇ ಆದವು. ಆದರೆ ಸಂಸ್ಥೆಯ ಸಂಗ್ರಹ ಬೇರೆ, ಮನೆಯ ಅಟ್ಟ ಬೇರೆ. ಮನೆಯಲ್ಲಿ ಗ್ರಂಥಲಿಪಿಯನ್ನು ಸಲೀಸಾಗಿ ಓದಬಲ್ಲವರು ಎಂಬತ್ತರ ಹತ್ತಿರದ ಹಿರಿಯರು; ಗಣಕವನ್ನು ಬಲ್ಲವರು ಇಪ್ಪತ್ತರ ಮೊಮ್ಮಕ್ಕಳು. ಇವರಿಬ್ಬರೂ ಒಂದೇ ಮೇಜಿನ ಎದುರಿಗೆ ಕೂರಬಹುದಾದ ವರುಷಗಳು ಹೆಚ್ಚು ಉಳಿದಿಲ್ಲ. ಆದ್ದರಿಂದಲೇ ಪಟ್ಟಿಯ ಕೆಲಸವನ್ನು ಆಮೇಲೆ ನೋಡಿಕೊಳ್ಳೋಣ ಎಂದು ಮುಂದೂಡುವಂತಿಲ್ಲ.

ಹೊಸಬರು ಸಾಮಾನ್ಯವಾಗಿ ಮಾಡುವುದೇನು? ಲೆಕ್ಕಪತ್ರದ ಹಾಳೆಯಂಥ ಒಂದು ದೊಡ್ಡ ಕೋಷ್ಟಕವನ್ನು ತೆರೆಯುತ್ತಾರೆ. ಕ್ರಮಸಂಖ್ಯೆ, ಗ್ರಂಥದ ಹೆಸರು, ಕರ್ತೃ, ಲಿಪಿ, ಗರಿಗಳ ಸಂಖ್ಯೆ ಎಂದು ಅಂಕಣಗಳನ್ನು ಎಳೆಯುತ್ತಾರೆ. ಮೊದಲ ಕಟ್ಟು ಅದರಲ್ಲಿ ಸರಿಯಾಗಿ ಕೂರುತ್ತದೆ. ಎರಡನೆಯದನ್ನು ಬಿಚ್ಚಿದರೆ ಅದರಲ್ಲಿ ವೇದಾಂತಗ್ರಂಥವೊಂದರ ಭಾಗ, ಅದರ ಬೆನ್ನಿಗೆ ಮೂರು ಸ್ತೋತ್ರಗಳು, ಕೊನೆಯ ಗರಿಗಳಲ್ಲಿ ಯಾವುದೋ ಲೇಹ್ಯದ ಪಾಕ. ನಾನು ಕಂಡ ಮನೆಯಲ್ಲಿ ಹುಡುಗ ಕೈ ತಡೆದು, "ತಾತಾ, ಈ ಕಟ್ಟಿನ ಹೆಸರೇನು ಅಂತ ಬರೀಲಿ?" ಎಂದು ಕೇಳಿದ. ಹಿರಿಯರು ಗರಿಯಿಂದ ಕಣ್ಣೆತ್ತದೆ, "ಕಟ್ಟಿಗೆಲ್ಲಿಯ ಹೆಸರಪ್ಪ? ಒಳಗಿರೋದಕ್ಕೆ ಹೆಸರು" ಎಂದರು. ಡೇಟಾಬೇಸ್ ಶಾಸ್ತ್ರದ ಮೊದಲ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಾಣೆ.

ಐದು ಹೆಸರುಗಳನ್ನೂ ಒಂದೇ ಕೋಣೆಯಲ್ಲಿ ಅಲ್ಪವಿರಾಮ ಹಾಕಿ ತುಂಬಿದರೆ, ನಾಳೆ ಸ್ತೋತ್ರಗಳನ್ನಷ್ಟೇ ಅಕಾರಾದಿಯಾಗಿ ಕೊಡು ಎಂದಾಗ ಯಂತ್ರ ತಬ್ಬಿಬ್ಬಾಗುತ್ತದೆ. ಒಂದೊಂದು ಕೃತಿಗೆ ಒಂದೊಂದು ಸಾಲು ಬರೆದರೆ ಕಟ್ಟಿನ ವಿವರವೆಲ್ಲ ಐದೈದು ಸಲ ಪುನರುಕ್ತವಾಗುತ್ತದೆ. ಅರುವತ್ತು ಕಟ್ಟುಗಳ ಮನೆಯಲ್ಲಿ ಇನ್ನೂರು ಸಾಲುಗಳಾಗಿ, ನಿಜಕ್ಕೂ ಕಟ್ಟುಗಳೆಷ್ಟು ಎಂಬುದೇ ತಿಳಿಯದೆ ಹೋಗುತ್ತದೆ. ಒಂದು ಕಡೆ ಗರಿಗಳು ಹುಳುಹತ್ತಿವೆ ಎಂದು ತಿದ್ದಿ, ಉಳಿದ ನಾಲ್ಕು ಕಡೆ ತಿದ್ದಲು ಮರೆತರೆ ಪಟ್ಟಿ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಇದಕ್ಕೆ ವಿಪರ್ಯಯವೂ ಉಂಟು: ದೊಡ್ಡ ಗ್ರಂಥವೊಂದು ಮೂರು ಕಟ್ಟುಗಳಲ್ಲಿ ಹಂಚಿಹೋಗಿರುತ್ತದೆ.

ಪರಿಹಾರ ಸರಳ. ಒಂದು ಕೋಷ್ಟಕದ ಜಾಗದಲ್ಲಿ ಮೂರು ಬೇಕು. ಮೊದಲನೆಯದು ಕಟ್ಟುಗಳದು: ಅದರ ಸಂಖ್ಯೆ, ಉದ್ದ ಅಗಲ, ಗರಿಗಳ ಎಣಿಕೆ, ಸದ್ಯದ ಸ್ಥಿತಿ. ಎರಡನೆಯದು ಕೃತಿಗಳದು: ಹೆಸರು, ಕರ್ತೃ, ವಿಷಯ. ಮೂರನೆಯದು ಇವೆರಡನ್ನು ಬೆಸೆಯುವಂಥದು: ಇಂಥ ಕಟ್ಟಿನಲ್ಲಿ, ಇಂಥ ಗರಿಯಿಂದ ಇಂಥ ಗರಿಯವರೆಗೆ, ಇಂಥ ಕೃತಿ, ಇಂಥ ಲಿಪಿಯಲ್ಲಿ. ಈ ಮೂರನೆಯ ಕೋಷ್ಟಕವೇ ಹೊಸಬರಿಗೆ ತಾವಾಗಿ ಹೊಳೆಯದ್ದು. ಒಮ್ಮೆ ಹೊಳೆದ ಮೇಲೆ ಮರೆಯಲಾಗದ್ದು. ವಿವರಗಳನ್ನು ಹೀಗೆ ಸಂಬಂಧಗಳ ಮೂಲಕ ಜೋಡಿಸುವ ಕ್ರಮವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಒಂದು ಪ್ರಬಂಧದಲ್ಲಿ ಮಂಡಿಸಿದ. ಲೋಕದ ಬಹುಪಾಲು ಡೇಟಾಬೇಸುಗಳು ಇಂದಿಗೂ ನಿಂತಿರುವುದು ಆ ತಳಹದಿಯ ಮೇಲೆ. ನಮ್ಮ ಹಸ್ತಪ್ರತಿಗಳ ಲೋಕಕ್ಕೆ ಅದರ ಒಳಗುಟ್ಟು ತೀರ ಹೊಸದೇನಲ್ಲ. ಜರ್ಮನಿಯ ತಿಯೊಡೋರ್ ಔಫ್ರೆಕ್ಟ್ 1891ರಿಂದ 1903ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಸೂಚಿಗಳ ಮಹಾಸೂಚಿಯಲ್ಲಿ ಕೃತಿಗಳೂ ಕರ್ತೃಗಳೂ ಅಕಾರಾದಿಯಾಗಿ ನಿಂತು, ಪ್ರತಿಗಳು ಯಾವ ಯಾವ ಭಂಡಾರದ ಸೂಚಿಯಲ್ಲಿವೆ ಎಂಬುದಕ್ಕೆ ಪಕ್ಕದಲ್ಲಿ ಸಂಕೇತಗಳಿವೆ. ಅದನ್ನೇ ಹಿಗ್ಗಿಸಿ ಹೊಸದಾಗಿ ಕಟ್ಟುವ ಕೆಲಸವನ್ನು ಮದರಾಸು ವಿಶ್ವವಿದ್ಯಾಲಯ 1930ರ ದಶಕದಲ್ಲಿ ಕೈಗೆತ್ತಿಕೊಂಡಿತು. ವಿದ್ಯುತ್ತಿನ ಹಂಗಿಲ್ಲದ ಡೇಟಾಬೇಸುಗಳು ಅವು!

ಇನ್ನು ಗುರುತಿನ ಸಂಖ್ಯೆಯ ಮಾತು. ಕಟ್ಟಿಗೊಂದು ಸಂಖ್ಯೆ ಕೊಡಿ ಎಂದರೆ ಜಾಣರಾದ ಹೊಸಬರು ಅದರಲ್ಲಿ ಕಪಾಟು, ಲಿಪಿ, ವಿಷಯ ಎಲ್ಲವನ್ನೂ ಅಡಕಮಾಡಲು ನೋಡುತ್ತಾರೆ. ಕಪಾಟು ನಾಳೆ ಬದಲಾಗುತ್ತದೆ. ವೈದ್ಯವೆಂದುಕೊಂಡದ್ದು ಓದಿನೋಡಿದರೆ ಜ್ಯೋತಿಷವಾಗಿರುತ್ತದೆ. ಒಂದು, ಎರಡು, ಮೂರು ಎಂಬ ಬರಿಯ ಸಂಖ್ಯೆಯೇ ಉತ್ತಮ. ಚೀಟಿಯಲ್ಲಿ ಬರೆದು ಕಟ್ಟಿನ ದಾರಕ್ಕೆ ಕಟ್ಟಿದ ಸಂಖ್ಯೆಯೂ ಕೋಷ್ಟಕದ ಸಂಖ್ಯೆಯೂ ಒಂದೇ ಆಗಿರಬೇಕು, ಅಷ್ಟೆ.

ಹೆಸರುಗಳ ವಿಷಯ ಇದಕ್ಕಿಂತ ತೊಡಕಿನದು. ಮೇಲುಕೋಟೆಯನ್ನೇ ನೋಡಿ: ಯಾದವಾದ್ರಿ, ಯದುಗಿರಿ, ತಿರುನಾರಾಯಣಪುರ. ಒಂದೇ ಊರೆಂದು ನಮಗೆ ಗೊತ್ತು, ಗಣಕಕ್ಕೆ ಗೊತ್ತಿಲ್ಲ. ವೇದಾಂತದೇಶಿಕರು ಓಲೆಗಳಲ್ಲಿ ಒಮ್ಮೆ ವೆಂಕಟನಾಥ, ಒಮ್ಮೆ ವೇದಾಂತಾಚಾರ್ಯ, ಇನ್ನೊಮ್ಮೆ ನಿಗಮಾಂತ ಮಹಾದೇಶಿಕರಾಗಿ ಬರುತ್ತಾರೆ. ಮೂರನ್ನೂ ಹಾಗೆ ಹಾಗೆಯೇ ಬರೆದಿಟ್ಟರೆ ಯಂತ್ರದ ಪಾಲಿಗೆ ಮೂವರು ಗ್ರಂಥಕರ್ತರು. ಸಾಲದುದಕ್ಕೆ ಕನ್ನಡದ ಕಾಗುಣಿತ. ಒಬ್ಬರು ಸೊನ್ನೆ ಹಾಕಿ 'ವೇದಾಂತ' ಎಂದು ಬರೆಯುತ್ತಾರೆ. ಸಂಸ್ಕೃತದ ಮಡಿಯುಳ್ಳವರು 'ವೇದಾನ್ತ' ಎನ್ನುತ್ತಾರೆ. ನಮ್ಮ ಕಿವಿಗೆ ಭೇದವಿಲ್ಲ, ಗಣಕದ ಕಣ್ಣಿಗೆ ಅವು ಬೇರೆ ಬೇರೆ ಪದಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕುವುದಿಲ್ಲ. ಇದಕ್ಕೆ ಕರ್ತೃಗಳದೇ ಪ್ರತ್ಯೇಕ ಕೋಷ್ಟಕವಿರಬೇಕು. ಅಲ್ಲಿ ವ್ಯಕ್ತಿಗೊಂದು ಸಂಖ್ಯೆ, ಒಂದು ಸ್ಥಿರವಾದ ಹೆಸರು. ಉಳಿದ ನಾಮಾಂತರಗಳನ್ನು ಆ ಸಂಖ್ಯೆಗೆ ತಗುಲಿಸಿಟ್ಟರಾಯಿತು. ಓಲೆಯಲ್ಲಿದ್ದ ರೂಪವನ್ನು ಮಾತ್ರ ಅಳಿಸಬಾರದು.

ಕಾಲದ ವಿಷಯದಲ್ಲಂತೂ ಯಂತ್ರದ ಹಟವೇ ಹಟ. ತಾರೀಖಿನ ಅಂಕಣ ಎಂದು ಒಮ್ಮೆ ಹೇಳಿಬಿಟ್ಟರೆ ಅದು ದಿನ, ತಿಂಗಳು, ಇಸವಿಯನ್ನೇ ಕೇಳುತ್ತದೆ. ಓಲೆಯ ಕೊನೆಯಲ್ಲಿ ಲಿಪಿಕಾರ ಬರೆದಿರುವುದು ರಕ್ತಾಕ್ಷಿ ಸಂವತ್ಸರದ ಶ್ರಾವಣಮಾಸ ಎಂದಷ್ಟೆ. ರಕ್ತಾಕ್ಷಿ ಅರುವತ್ತು ವರುಷಗಳಿಗೊಮ್ಮೆ ಬರುತ್ತದೆ. 1804, 1864, 1924 ಇವುಗಳಲ್ಲಿ ಯಾವುದು? ಅಂಕಣ ಖಾಲಿ ಇರಬಾರದೆಂದು ತರುಣರು 1864 ಎಂದು ತುಂಬಿಬಿಟ್ಟರೆ ಹತ್ತು ವರುಷಗಳ ತರುವಾಯ ಅದನ್ನು ಊಹೆಯೆಂದು ಯಾರೂ ಬಗೆಯುವುದಿಲ್ಲ. ಗಣಕದ ತೆರೆಯ ಮೇಲೆ ಮೂಡಿದ ಅಂಕಿಗೆ ಅಂಥ ಗಾಂಭೀರ್ಯವಿದೆ. ಓಲೆಯಲ್ಲಿ ಇದ್ದದ್ದಕ್ಕೆ ಒಂದು ಅಂಕಣ, ನಾವು ನಿರ್ಧರಿಸಿದ್ದಕ್ಕೆ ಇನ್ನೊಂದು, ನಿರ್ಧಾರಕ್ಕೆ ಕಾರಣವೇನೆಂಬುದಕ್ಕೆ ಮತ್ತೊಂದು: ಹೀಗೆ ಮೂರು ಇರಲಿ. ತಿಳಿಯದಿದ್ದರೆ ಖಾಲಿ ಬಿಡುವ ಧೈರ್ಯವೂ ಇರಲಿ.

ಯಾವ ತಂತ್ರಾಂಶ ಬಳಸಬೇಕು ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ನನ್ನ ಮಟ್ಟಿಗೆ ಕೊನೆಯದು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮುಂತಾದವು ನೂರಾರು ಮಂದಿ ಏಕಕಾಲಕ್ಕೆ ಬಳಸಲೆಂದು ಆದವು. ಅವುಗಳಿಗೆ ಸದಾ ಎಚ್ಚರವಿರುವ ಸರ್ವರ್ ಎಂಬ ಕಾವಲುಗಾರ ಬೇಕು. ಅವನನ್ನು ನಿಲ್ಲಿಸಿ, ಗುಪ್ತಪದ ಕೊಟ್ಟು ಪಳಗಿಸುವಷ್ಟರಲ್ಲಿ ಹೊಸಬರ ಉತ್ಸಾಹ ಅರ್ಧ ಇಳಿದಿರುತ್ತದೆ. ಒಂದು ಮನೆಯ ಕಟ್ಟುಗಳಿಗೆ 2000ದಲ್ಲಿ ಬಳಕೆಗೆ ಬಂದ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು. ಅದು ಉಚಿತ, ಇಡೀ ಭಂಡಾರ ಒಂದೇ ಕಡತದಲ್ಲಿರುತ್ತದೆ. ಅಕ್ಷರಗಳು ಮಾತ್ರ ಯೂನಿಕೋಡಿನಲ್ಲಿಯೇ ಇರಬೇಕು. ಹಿಂದೆ ಬೇರೆ ಬೇರೆ ಸಂಕೇತಕ್ರಮದ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಈಗ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲಾಗಿ ಕಾಣಿಸುವುದುಂಟು.

ತೊಡಕು ಬಂದಾಗ ನೆರವು ಕೇಳುವುದೂ ಒಂದು ಕಲೆ. ಕೆಲಸಮಾಡುತ್ತಿಲ್ಲ ಎಂದಷ್ಟೇ ಹೇಳಿದರೆ ಯಾವ ಬಲ್ಲಿದನೂ ಏನೂ ಮಾಡಲಾರ. ಹೊಟ್ಟೆನೋವು ಎಂದವನನ್ನು ವೈದ್ಯರು ಎಲ್ಲಿ, ಯಾವಾಗ, ಏನು ತಿಂದಿರಿ ಎಂದು ಕೇಳುವುದಿಲ್ಲವೆ? ಹಾಗೆಯೇ ತೆರೆಯ ಮೇಲೆ ಬಂದ ಸೂಚನೆಯನ್ನು ಅಕ್ಷರಶಃ ಬರೆದುಕೊಂಡು ಹೋಗಬೇಕು. ಕೋಷ್ಟಕದ ಹತ್ತು ಸಾಲುಗಳನ್ನು ಮಾದರಿಗಾಗಿ ಒಯ್ಯಬೇಕು. ಎಲ್ಲಕ್ಕೂ ಮುಖ್ಯವಾಗಿ, ಕೊನೆಗೆ ತನಗೆ ಬೇಕಾದ ಉತ್ತರವೇನು ಎಂಬುದನ್ನು ಹೇಳಬೇಕು. ಒಂದೇ ಕೋಣೆಯಲ್ಲಿರುವ ಐದು ಹೆಸರುಗಳನ್ನು ಬಿಡಿಸುವ ಸೂತ್ರ ಯಾವುದು ಎಂದು ಕೇಳಿದವನಿಗೆ ಸೂತ್ರವನ್ನು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಐದನ್ನು ಒಂದೇ ಕೋಣೆಗೆ ಏಕೆ ತುಂಬಿದಿರಿ ಎಂದು ಮರುಪ್ರಶ್ನೆ ಹಾಕುವವನು ನಿಜವಾದ ಸಹಾಯಕ. ಅವನ ಮೇಲೆ ಬೇಸರಪಡಬಾರದು.

ಪಟ್ಟಿಯಾದ ಮೇಲೆ ಅದನ್ನು ಉಳಿಸಿಕೊಳ್ಳುವ ಕೆಲಸ. ಕಂಟದಿಂದ ಕೊರೆದ ಓಲೆಗೆ ಮಸಿ ತೀಡಿ, ಎಣ್ಣೆ ಸವರಿ, ಹಲಗೆಗಳ ನಡುವೆ ಬಿಗಿದಿಟ್ಟರೂ ನಮ್ಮ ಹವೆಯಲ್ಲಿ ಕೆಲವು ನೂರು ವರುಷಗಳಲ್ಲಿ ಅದು ಪುಡಿಯಾಗುತ್ತದೆ. ಗ್ರಂಥಗಳು ಉಳಿದದ್ದು ಪ್ರತಿಯಿಂದ ಪ್ರತಿಗೆ ದಾಟಿದ್ದರಿಂದ. ಗಣಕದ ಕಡತದ ಆಯುಸ್ಸು ಇನ್ನೂ ಅಲ್ಪ. ಯಂತ್ರದ ಮುದ್ರಿಕೆ ಕೆಟ್ಟರೆ ಒಂದು ಗಳಿಗೆಯ ಮಾತು. ಮನೆಯಲ್ಲೊಂದು, ಬೇರೆ ಊರಿನ ನೆಂಟರಲ್ಲೊಂದು, ಕಾಗದದ ಮೇಲೆ ಅಚ್ಚುಹಾಕಿದ್ದು ಒಂದು ಎಂದು ಮೂರು ಪ್ರತಿಗಳಿರಲಿ. 2003ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಮನೆಮನೆಗಳ ಓಲೆಗಳನ್ನೂ ದೇಶದ ಒಂದು ಡೇಟಾಬೇಸಿಗೆ ಸೇರಿಸಲು ಶ್ರಮಿಸಿತು. ಅಂಥ ದೊಡ್ಡ ಭಂಡಾರಕ್ಕೆ ನಮ್ಮ ಸಣ್ಣ ಪಟ್ಟಿ ಸೇರಬೇಕಾದರೂ ಅಂಕಣಗಳು ಮೊದಲೇ ಸ್ಪಷ್ಟವಾಗಿದ್ದರೆ ಮಾತ್ರ ಸಾಧ್ಯ.

ಕೋಷ್ಟಕದಲ್ಲಿ ನಾನು ಒತ್ತಾಯಮಾಡಿ ಸೇರಿಸುವ ಅಂಕಣ ಇನ್ನೊಂದಿದೆ: ಓದಿದವರು ಯಾರು, ಎಂದು ಓದಿದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಯ ಕಟ್ಟೊಂದರಲ್ಲಿ ಇರುವುದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಓದಿ ಗುರುತಿಸುವ ಕಣ್ಣು ಬೀಳುವ ತನಕ ಅದು ಗ್ರಂಥಲಿಪಿಯ ಒಂದು ಕಟ್ಟು. ಮೇಲುಕೋಟೆಯ ಆ ಮನೆಯಲ್ಲಿ ಹತ್ತೊಂಬತ್ತು ಕಟ್ಟುಗಳನ್ನು ಹಿರಿಯರು ಓದಿ ಹೇಳಿದ್ದಾರೆ, ಮೊಮ್ಮಗ ಬರೆದುಕೊಂಡಿದ್ದಾನೆ. ಉಳಿದವುಗಳ ಮುಂದೆ ಸಂಖ್ಯೆಯೂ ಗರಿಗಳ ಎಣಿಕೆಯೂ ಇವೆ. ಕೃತಿಯ ಅಂಕಣ ಖಾಲಿ ಇದೆ. ದಿನಕ್ಕೆ ಒಂದು ಗಂಟೆ, ಬೆಳಗಿನ ಬೆಳಕಿನಲ್ಲಿ ಮಾತ್ರ ಅವರ ಕಣ್ಣು ಗರಿಯ ಮೇಲೆ ನಿಲ್ಲುತ್ತದೆಯಂತೆ. ಹುಡುಗ ಆ ಗಂಟೆಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುತ್ತಿಲ್ಲ.