ಡೆಮೊ ಬೈಕ್: ಹೊಳಪು ನೋಡಬೇಡಿ, ಆರ್‌ಸಿ ನೋಡಿ

ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿ ಹುಡುಗರಿಗೆ ಬೈಕ್ ಶೋಕಿಯಲ್ಲ. ಕೊನೆಯ ಬಸ್ ತಪ್ಪಿದರೆ ಅದೇ ಗತಿ. ಬಿ.ಇ. ಓದುತ್ತಿರುವ ನಾನೂ ಒಂದನ್ನು ಹುಡುಕುತ್ತಿದ್ದೇನೆ. ಸಾಗರದಲ್ಲಿ ಟೆಸ್ಟ್ ರೈಡ್‌ಗೆ ಇಟ್ಟಿದ್ದ ಬೈಕೊಂದು ಕಡಿಮೆ ಬೆಲೆಗೆ ಸಿಗುವಂತಿದೆ. ಓಡಿರುವುದು 2,000 ಕಿ.ಮೀ. ಅಷ್ಟೇ. ಕೊಳ್ಳಬಹುದೇ?

ಮೊದಲು ಕಾಗದಪತ್ರ ನೋಡಬೇಕು. ಆರ್‌ಸಿ ಡೀಲರ್ ಹೆಸರಿನಲ್ಲಿದ್ದರೆ ನಾವು ಎರಡನೇ ಮಾಲೀಕರು. ಫಾರಂ 29, 30 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ವಾರಂಟಿಯ ದಿನಗಳು ಆಗಲೇ ಉರುಳಲು ಶುರುವಾಗಿರಬಹುದು. ಮುಂದೆ ಮಾರುವಾಗಲೂ ಸಿಗುವುದು ಸೆಕೆಂಡ್ ಹ್ಯಾಂಡ್ ಬೆಲೆಯೇ.

ಆಮೇಲೆ ಎಂಜಿನ್. ಪಿಸ್ಟನ್ ರಿಂಗ್‌ಗಳು ಸಿಲಿಂಡರ್‌ಗೆ ಹೊಂದಿಕೊಳ್ಳುವುದು ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ. ಆಗ ಹದವಾಗಿ ಓಡಿಸಬೇಕು. ಡೆಮೊ ಬೈಕ್ ಆ ಹೊತ್ತಿನಲ್ಲೇ ಹತ್ತಾರು ಕೈ ದಾಟಿರುತ್ತದೆ. ಎಳೆದು ನೋಡುವವರೇ ಹೆಚ್ಚು.

ಹಾಗಂತ ಬೇಡವೇ ಬೇಡ ಎನ್ನಲಾರೆ. ಮೊದಲ ಸರ್ವೀಸ್ ಆದ ದಾಖಲೆ ಕೇಳಿ, ವಾರಂಟಿ ಎಂದಿನವರೆಗೆ ಎಂದು ಬರೆಸಿಕೊಳ್ಳಿ. ಹುಲಿಕಲ್, ಆಗುಂಬೆ ಘಾಟಿಯ ಮಳೆಯಲ್ಲಿ ಓಡಾಡುವವರು ಕ್ಲಚ್, ಬ್ರೇಕ್, ಟೈರ್‌ಗಳನ್ನು ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿ. ಬೆಲೆಯನ್ನು ಹೊಸ ಬೈಕಿಗಲ್ಲ, ಅದೇ ವರ್ಷದ ಸೆಕೆಂಡ್ ಹ್ಯಾಂಡ್ ಬೈಕಿಗೆ ಹೋಲಿಸಿ. ಅದಕ್ಕಿಂತ ತುಸು ಹೆಚ್ಚಾದರೆ ಕೊಡಬಹುದು. ಹೊಸದರ ಹತ್ತಿರ ಹೋದರೆ ನಾನಂತೂ ಇನ್ನಾರು ತಿಂಗಳು ಬಸ್ಸಿಗೇ ಕಾಯುತ್ತೇನೆ.