ಐವತ್ತು ಪೈಸೆಯ ಆರ್ಟ್ ಗ್ಯಾಲರಿ

ಚಿತ್ರಕಲೆ ಓದಿದವರನ್ನು ಎರಡು ಪ್ರಶ್ನೆಗಳು ಎಲ್ಲಿ ಹೋದರೂ ಬಿಡುವುದಿಲ್ಲ. ಮೊದಲನೆಯದು, ‘ಹೌದಾ? ಹಾಗಾದ್ರೆ ನಂದೊಂದು ಚಿತ್ರ ಬಿಡಿಸಿಕೊಡಿ ನೋಡೋಣ.’ ಎರಡನೆಯದು, ‘ಅದು ಸರಿ, ಹೊಟ್ಟೆಪಾಡಿಗೆ ಏನ್ ಮಾಡ್ಕೊಂಡಿದೀರಿ?’ ಮೊದಲನೆಯದಕ್ಕೆ ಪೆನ್ಸಿಲ್ ಸಾಕು. ಎರಡನೆಯದಕ್ಕೆ ಉತ್ತರ ಹುಡುಕುತ್ತಲೇ ನಾವು ಏಳು ಜನ ದಾವಣಗೆರೆಯ ಕಲಾಶಾಲೆಯಿಂದ ಏಳು ದಿಕ್ಕಿಗೆ ಹೋದೆವು.

ನಮ್ಮ ಬ್ಯಾಚಿನಲ್ಲಿ ಯಾರನ್ನೂ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದದ್ದೇ ಇಲ್ಲ. ಮುಟ್ಟಿದಲ್ಲೆಲ್ಲ ಕಪ್ಪು ಬೆರಳಚ್ಚು ಬಿಡುತ್ತಿದ್ದವನು ಸಿಕ್ಸ್ ಬಿ. ಬಿಡಿಸಿದ್ದಕ್ಕಿಂತ ಅಳಿಸಿದ್ದೇ ಹೆಚ್ಚು ಎನ್ನುವಂತಿದ್ದವಳು ರಬ್ಬರ್. ಉದ್ದ ಕಾಲಿನವನು ಈಜಲ್. ಪರಿಮಳದಿಂದಲೇ ಗುರುತು ಸಿಗುತ್ತಿದ್ದವನು ಟರ್ಪೆಂಟೈನ್. ಶಿಲ್ಪಕಲೆ ವಿಭಾಗದವಳು ಜೇಡಿ. ಗೆರೆ ತೆಳು, ಆದರೆ ಒಂದೂ ತಪ್ಪಿಲ್ಲ ಎಂಬಂತೆ ಬಿಡಿಸುತ್ತಿದ್ದವನು ಎಚ್‌ಬಿ. ನನ್ನ ಅಡ್ಡಹೆಸರು ಮಾತ್ರ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ.

ಓದುವಾಗ ಪೋರ್ಟ್ರೇಟ್ ಕ್ಲಾಸಿಗೆ ಮಾರ್ಕೆಟ್ಟಿನಿಂದ ಒಬ್ಬ ಅಜ್ಜ ಬಂದು ಕೂರುತ್ತಿದ್ದ. ಹತ್ತು ನಿಮಿಷಕ್ಕೆಲ್ಲ ನಿದ್ದೆ. ಒಮ್ಮೆ ಕ್ಲಾಸ್ ಮುಗಿದ ಮೇಲೆ ಎದ್ದವನೇ ಸಾಲಾಗಿ ಇಟ್ಟ ಹದಿನೆಂಟು ಚಿತ್ರಗಳನ್ನೂ ನಿಧಾನವಾಗಿ ನೋಡಿದ. ‘ಎಲ್ಲಾರೂ ನಮ್ ಅಣ್ತಮ್ಮಂದಿರ ಹಂಗೇ ಕಾಣ್ತಾರ. ನಾನೊಬ್ಬನೇ ಎಲ್ಲೂ ಇಲ್ಲಲ್ಲಪ್ಪ!’ ಎಂದ. ಆಮೇಲೆ ಎಚ್‌ಬಿಯ ಚಿತ್ರದ ಮುಂದೆ ನಿಂತು, ಏನೂ ಹೇಳದೆ ತನ್ನ ಮೀಸೆ ಸವರಿಕೊಂಡ. ನಮ್ಮಲ್ಲಿ ಯಾರ ಕೈ ಹೇಗೆ ಎಂಬುದು ಅವತ್ತೇ ತೀರ್ಮಾನವಾಗಿ ಹೋಯಿತು.

ಕಾರ್ಡಿಗೆ ಕಾನೂನು

ಓದು ಮುಗಿದ ಮೇಲೆ ಎಲ್ಲರಂತೆ ನಾವೂ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡೆವು. ಮೂರು ತಿಂಗಳಿಗೆ ಅದರಲ್ಲಿ ಗುಡ್ ಮಾರ್ನಿಂಗ್ ಗುಲಾಬಿ, ಹಬ್ಬದ ಶುಭಾಶಯ, ಯಾರದೋ ಕೆಲಸದ ಜಾಹೀರಾತು ಬಿಟ್ಟರೆ ಬೇರೆ ಏನೂ ಉಳಿಯಲಿಲ್ಲ. ಚಿತ್ರ ಬಿಡಿಸಲು ಕಲಿತ ಏಳು ಜನ ಬೇರೆಯವರು ಮಾಡಿದ ಗುಲಾಬಿ ಫಾರ್ವರ್ಡ್ ಮಾಡುತ್ತಾ ಕೂತಿದ್ದೆವು. ಆಗ ಜೇಡಿ ಒಂದು ದಾರಿ ಹೇಳಿದಳು: ಪೋಸ್ಟ್ ಕಾರ್ಡ್.

ಅಂಚೆ ಕಚೇರಿಯ ಸಾದಾ ಕಾರ್ಡಿಗೆ ಐವತ್ತು ಪೈಸೆ. ಐವತ್ತು ಪೈಸೆಯ ನಾಣ್ಯವನ್ನು ಅಂಗಡಿಯವರು ಮುಟ್ಟುವುದಿಲ್ಲ, ಆದರೆ ಅಷ್ಟು ಬೆಲೆಯ ಕಾರ್ಡು ಮಾತ್ರ ಬೀದರ್‌ನಿಂದ ಚಾಮರಾಜನಗರಕ್ಕೂ ಹೋಗುತ್ತದೆ. ನಮ್ಮ ದೇಶಕ್ಕೆ ಅದು ಬಂದದ್ದು 1879ರ ಜುಲೈ 1ರಂದು, ಆಗ ಅದರ ಬೆಲೆ ಕಾಲಾಣೆ. ಚಿತ್ರ ಬಿಡಿಸಿ ಕಳಿಸುವುದೂ ನಮ್ಮ ಹೊಸ ಆವಿಷ್ಕಾರವೇನಲ್ಲ. ಶಾಂತಿನಿಕೇತನದ ನಂದಲಾಲ್ ಬೋಸ್ ತಮ್ಮ ಶಿಷ್ಯರಿಗೂ ಗೆಳೆಯರಿಗೂ ಕಾರ್ಡಿನ ಮೇಲೆ ಪುಟ್ಟ ಚಿತ್ರ ಬಿಡಿಸಿ ಕಳಿಸುತ್ತಿದ್ದರು. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿಯುವಾಗ ಇದೇ ನಂದಲಾಲರು ಅವರ ಜೊತೆ ಓದುತ್ತಿದ್ದವರು. ಅಂದ ಮೇಲೆ ನಮಗೂ ದೂರದ ನೆಂಟಸ್ತಿಕೆ ಇದೆ ಎಂದು ಟರ್ಪೆಂಟೈನ್ ವಾದ.

ಕಾನೂನು ನಾಲ್ಕೇ. ವಾರಕ್ಕೊಂದು ಕಾರ್ಡು, ಯಾರಿಂದ ಯಾರಿಗೆ ಎಂಬುದು ಸರದಿ ಪ್ರಕಾರ. ಸುದ್ದಿ ಒಂದೇ ಇರಬೇಕು, ಅದೂ ತನ್ನದೇ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಿಸುವಂತಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಉಪದೇಶ ನಿಷಿದ್ಧ. ‘ಕೆಲಸ ಸಿಕ್ಕಿತಾ?’ ಎಂದು ಕೇಳುವಂತೆಯೂ ಇಲ್ಲ. ಅದನ್ನು ಕೇಳಲು ಊರ ತುಂಬ ಜನ ಇದ್ದಾರೆ.

ಖರ್ಚು ವರ್ಷಕ್ಕೆ ತಲಾ 26 ರೂಪಾಯಿ. ದಾವಣಗೆರೆಯಲ್ಲಿ ಒಂದು ಬೆಣ್ಣೆ ದೋಸೆಯೂ ಇಷ್ಟಕ್ಕೆ ಬರುವುದಿಲ್ಲ.

ಈ ವಾರದ ಮುಖ್ಯಾಂಶಗಳು

ಸಿಕ್ಸ್ ಬಿ ಈಗ ಹುಬ್ಬಳ್ಳಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿದ್ದಾನೆ. ಅವನ ಕಾರ್ಡುಗಳಲ್ಲಿ ಒಬ್ಬ ಬೋಳುತಲೆ ಸಾಹುಕಾರ ಧಾರಾವಾಹಿಯಂತೆ ಬರುತ್ತಾನೆ. ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಫೋಟೊ ಕೊಟ್ಟು ‘ಸ್ವಲ್ಪ ಬಣ್ಣ ತಿಳಿ ಮಾಡ್ರಿ, ಸ್ವಲ್ಪ ಕೂದ್ಲಾ ಹಾಕ್ರಿ’ ಎಂದಿದ್ದಾನೆ. ಸಿಕ್ಸ್ ಬಿ ಉದಾರವಾಗಿ ಕೂದಲು ಹಾಕಿದ. ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿದ ಮೇಲೆ ಸಾಹುಕಾರರ ಹೆಂಡತಿಯೇ ‘ನಮ್ಮನ್ಯಾರ ಫೋಟೊ ಎಲ್ಲೈತಿ? ಇವ ಯಾರು?’ ಎಂದಳಂತೆ. ಕೆಳಗೆ ಶುಭ ಕೋರುವವರ ನಲವತ್ತೆರಡು ತಲೆಗಳು. ಯಾರ ತಲೆ ಯಾರಿಗಿಂತ ಎಷ್ಟು ದೊಡ್ಡದಿರಬೇಕು ಎಂಬ ವಿಚಾರದಲ್ಲಿ ಎರಡು ಸಲ ಜಗಳವಾಗಿ ಮೂರು ಸಲ ಪ್ರಿಂಟ್ ಆಯಿತು. ‘ಕಾಂಪೊಸಿಷನ್ ಕ್ಲಾಸಿನಲ್ಲಿ ಇದನ್ನು ಯಾಕೆ ಹೇಳಿಕೊಡಲಿಲ್ಲ?’ ಎಂದು ಕಾರ್ಡಿನ ಅಂಚಿನಲ್ಲಿ ಬರೆದಿದ್ದ.

ರಬ್ಬರ್ ಅಂಗನವಾಡಿ, ಸರ್ಕಾರಿ ಶಾಲೆಗಳ ಗೋಡೆಗೆ ಚಿತ್ರ ಬಿಡಿಸುತ್ತಾಳೆ. ಲೆಕ್ಕ ಚದರ ಅಡಿಗೆ. ಒಂದು ಕಡೆ ಸಿಂಹ ಬಿಡಿಸಿದಳು. ಮಕ್ಕಳು ಅದನ್ನು ‘ಮಫ್ಲರ್ ಸುತ್ಕೊಂಡಿರೋ ನಾಯಿ’ ಎಂದು ಒಕ್ಕೊರಲಿನಿಂದ ತೀರ್ಪು ಕೊಟ್ಟವು. ಮೇಡಮ್ಮು ಕೆಳಗೆ ದಪ್ಪಕ್ಷರದಲ್ಲಿ ‘ಸಿಂಹ’ ಎಂದು ಬರೆಸಿದರು. ಮಕ್ಕಳಿಗೆ ಇನ್ನೂ ಓದಲು ಬಾರದ ಕಾರಣ ನಾಯಿ ನಾಯಿಯಾಗಿಯೇ ಉಳಿದಿದೆ. ಒಂದು ಹುಡುಗಿ ದಿನಾ ಅದರ ಬಾಯಿಗೆ ಬಿಸ್ಕತ್ತು ಒರೆಸಿ ಹೋಗುತ್ತಾಳಂತೆ.

ಟರ್ಪೆಂಟೈನ್ ಬೆಂಗಳೂರಿನಲ್ಲಿ ಸೀರಿಯಲ್ ಸೆಟ್ಟಿನ ಆರ್ಟ್ ವಿಭಾಗದಲ್ಲಿದ್ದಾನೆ. ಥರ್ಮಾಕೋಲ್ ಕಂಬಕ್ಕೆ ಕಲ್ಲಿನ ಬಣ್ಣ ಹಚ್ಚುವುದರಲ್ಲಿ ಈಗ ಎತ್ತಿದ ಕೈ. ಗುಡಿಯ ಸೆಟ್ ಹಾಕಿದ ದಿನ ಸಹನಟಿಯಾಗಿ ಬಂದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಮುಗಿದು, ಹತ್ತು ರೂಪಾಯಿ ಕಾಣಿಕೆ ಇಟ್ಟು ಬಂದರು. ಕ್ಯಾಮೆರಾ ಇನ್ನೂ ಆನ್ ಆಗಿರಲಿಲ್ಲ. ಆ ಹತ್ತು ರೂಪಾಯಿಯನ್ನು ಅವನು ಖರ್ಚು ಮಾಡಿಲ್ಲ. ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಇದೇ ಎಂದು ಬರೆದಿದ್ದಾನೆ.

ಜೇಡಿ ಗೌರಿ ಹಬ್ಬಕ್ಕೆ ಮೂರು ತಿಂಗಳ ಮೊದಲಿನಿಂದ ಮಣ್ಣಿನಲ್ಲೇ ಇರುತ್ತಾಳೆ. ಗಣಪನನ್ನು ಸಿನಿಮಾ ಹೀರೊ ಥರ ನಿಲ್ಲಿಸಿಕೊಡಿ ಎಂದು ಬಂದ ಹುಡುಗರಿಗೆ ‘ಮಾಡ್ತೀನಿ, ಆದ್ರೆ ಹೊಟ್ಟೆ ಕರಗಿಸೋಕೆ ಎಕ್ಸ್‌ಟ್ರಾ ಚಾರ್ಜ್’ ಎಂದಳಂತೆ. ಹುಡುಗರು ಮಾಮೂಲಿ ಗಣಪನನ್ನೇ ತೆಗೆದುಕೊಂಡು ಹೋದರು.

ನನ್ನ ಸುದ್ದಿಯೂ ಕಡಿಮೆಯದಲ್ಲ. ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಹೇಳಿಕೊಡುತ್ತೇನೆ. ಹೇಳಿಕೊಡಬೇಕು ಎಂದು ಟೈಮ್ ಟೇಬಲ್ಲಿನಲ್ಲಿದೆ. ಪರೀಕ್ಷೆ ಹತ್ತಿರ ಬಂದ ಹಾಗೆ ಡ್ರಾಯಿಂಗ್ ಪಿರಿಯಡ್ಡು ಗಣಿತದ ಮೇಷ್ಟ್ರಿಗೆ ಕೈಗಡವಾಗಿ ಹೋಗುತ್ತದೆ, ವಾಪಸ್ ಬಂದ ದಾಖಲೆ ಇಲ್ಲ. ‘ನಿಮ್ ಅಕ್ಷರ ಚೆನ್ನಾಗಿರುತ್ತಲ್ವಾ’ ಎಂದು ಮಾರ್ಕ್ಸ್ ಕಾರ್ಡ್ ಬರೆಯುವುದೂ ನಾನೇ, ಶಾರದಾ ಪೂಜೆಯ ಸ್ಟೇಜೂ ನನ್ನದೇ. ಒಮ್ಮೆ ಸ್ವಾಗತ ಬೋರ್ಡಿನಲ್ಲಿ ನವಿಲು ಬಿಡಿಸಿದ್ದೆ. ಬಂದ ಅತಿಥಿಗಳು ಬಹಳ ಹೊತ್ತು ನೋಡಿ, ‘ಸ್ಟಿಕ್ಕರ್ ಎಲ್ಲಿ ಸಿಕ್ತು?’ ಎಂದು ಕೇಳಿದರು.

ಯಾವ ಸೀರಿಯಲ್ಲು?

ವರ್ಷದ ದೊಡ್ಡ ಸುದ್ದಿ ಈಜಲ್‌ನದು. ರಾಣೆಬೆನ್ನೂರಿಗೆ ಹೆಣ್ಣು ನೋಡಲು ಹೋಗಿದ್ದ. ಹುಡುಗಿಯ ಮಾವ ಕೇಳಿದರು:

‘ಹುಡುಗ ಏನ್ ಮಾಡ್ತಾನ್ರೀ?’

‘ಆರ್ಟಿಸ್ಟ್ ಅದಾನ್ರಿ.’

‘ಹೌದಾ! ಯಾವ ಸೀರಿಯಲ್ಲು?’

ಸೀರಿಯಲ್ಲಲ್ಲ, ಚಿತ್ರ ಬಿಡಿಸುತ್ತಾನೆ ಎಂದು ತಿಳಿದ ಮೇಲೆ ಉಪ್ಪಿಟ್ಟಿನ ತಟ್ಟೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊಟ್ಟೆಪಾಡಿನ ಪ್ರಶ್ನೆ ಎಲ್ಲರ ಬಾಯಲ್ಲೂ ಇತ್ತು, ಕೇಳುವವರಿಲ್ಲ. ಮುಜುಗರ ತಪ್ಪಿಸಿಕೊಳ್ಳಲು ಈಜಲ್ ಜೇಬಿನಿಂದ ಕಾರ್ಡು ತೆಗೆದು ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿಯನ್ನು ಬಿಡಿಸಿದ. ಅಜ್ಜಿ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ‘ನನ್ ಮೂಗುಬಟ್ಟು ಸುದ್ದಾ ನೋಡ್ಯಾನ. ಹುಡುಗಿನ್ನ ಚಲೋ ನೋಡ್ಕೊಂತಾನ ಬಿಡ್ರಿ’ ಎಂದರು. ಮದುವೆ ಗೊತ್ತಾಯಿತು. ಆ ಕಾರ್ಡು ಮಾತ್ರ ಸರದಿ ಪ್ರಕಾರ ನನಗೆ ಬರಬೇಕಿತ್ತು, ಅಜ್ಜಿ ಬಿಟ್ಟುಕೊಟ್ಟಿಲ್ಲ.

ಕಾರ್ಡು ಎಂದರೆ ತೆರೆದ ಬಾಗಿಲು, ಗುಟ್ಟು ಉಳಿಯುವುದಿಲ್ಲ. ಈಜಲ್ ಸುದ್ದಿ ಬರೆದು ಕಳಿಸಿದ ಬೇರೆ ಕಾರ್ಡು ನನಗೆ ತಲುಪುವ ಮೊದಲೇ ನಮ್ಮ ಪೋಸ್ಟ್‌ಮನ್ ಬೀದಿಯ ಆ ತುದಿಯಿಂದಲೇ ಕೂಗಿದರು: ‘ನಿಮ್ ಫ್ರೆಂಡಿಗೆ ಹೆಣ್ಣು ಗೊತ್ತಾತಂತ್ರೀ!’

ಎಚ್‌ಬಿ ಬರೆಯಲಿಲ್ಲ

ನಗೆಯ ನಡುವೆ ಒಂದು ಜಾಗ ಖಾಲಿ ಇತ್ತು. ಎಚ್‌ಬಿಗೆ ಹೊರ ರಾಜ್ಯದ ಒಳ್ಳೆಯ ಕಡೆ ಎಂ.ವಿ.ಎ. ಸೀಟು ಸಿಕ್ಕಿತ್ತು. ಹೊರಡಲು ಹದಿನೈದು ದಿನ ಇರುವಾಗ ಅಪ್ಪನಿಗೆ ಲಕ್ವ ಹೊಡೆಯಿತು. ಸೀಟು ಬಿಟ್ಟು ನಾಲ್ಕು ಎಕರೆ ಮೆಕ್ಕೆಜೋಳಕ್ಕೆ ಇಳಿದ. ಮೊದಮೊದಲು ಕಾರ್ಡು ಬಂತು. ಆಮೇಲೆ ಐದು ತಿಂಗಳು ಒಂದೂ ಇಲ್ಲ. ಫೋನ್ ಮಾಡಿದರೆ ‘ಹೊಲದಾಗದೀನಿ’ ಎಂದು ಇಟ್ಟುಬಿಡುತ್ತಿದ್ದ.

ಎಲ್ಲರೂ ಒಟ್ಟಿಗೆ ಹೋಗಿ ಬುದ್ಧಿ ಹೇಳೋಣ, ಇಂಥ ಕೈ ಮಣ್ಣುಪಾಲಾಗಬಾರದು ಎಂದು ಸಿಕ್ಸ್ ಬಿ ಹಟ ಹಿಡಿದ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಸೀಟೇ ಕೊಟ್ಟಿರಲಿಲ್ಲ, ಆದರೂ ಅವರು ಬಿಡಿಸುವುದು ಬಿಡಲಿಲ್ಲ ಎಂದು ಹೇಳಬೇಕು ಎಂಬುದು ಅವನ ಯೋಜನೆ. ಜೇಡಿ ಒಪ್ಪಲಿಲ್ಲ. ‘ಮಣ್ಣು ಅಂದ್ರೆ ಕೀಳಾ? ನಾನೂ ಮಣ್ಣಲ್ಲೇ ಇರೋದು. ನಾಲ್ಕನೇ ಕಾನೂನು ನೆನಪಿದೆಯಾ? ಸುಮ್ನೆ ಕಾರ್ಡ್ ಹಾಕ್ತಾ ಇರಿ’ ಎಂದಳು. ಹಾಗೇ ಮಾಡಿದೆವು. ಪ್ರತಿ ವಾರ ಯಾರದೋ ಒಬ್ಬರ ಕಾರ್ಡು ಅವನ ಊರಿಗೆ ಹೋಯಿತು. ಬೋಳುತಲೆ, ಮಫ್ಲರ್ ನಾಯಿ, ಮೂಗುಬಟ್ಟಿನ ಅಜ್ಜಿ, ಎಲ್ಲವೂ ಹೋದವು. ಉತ್ತರ ಇಲ್ಲ.

ಒಮ್ಮೆ ರಬ್ಬರ್‌ಗೆ ಅವನ ಪಕ್ಕದೂರಿನ ಅಂಗನವಾಡಿ ಗೋಡೆ ಸಿಕ್ಕಿತು. ಸಂಜೆ ಅವನ ಮನೆಗೆ ಹೋದಳು. ಎಚ್‌ಬಿ ಹೊಲದಲ್ಲಿದ್ದ. ಅವನ ಅವ್ವ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಇಪ್ಪತ್ತಕ್ಕೂ ಹೆಚ್ಚು ಕಾರ್ಡು, ಒಂದೂ ಮಡಚಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ. ಟಪಾಲು ತರುವ ಹುಡುಗನೇ ಕಟ್ಟೆಯ ಮೇಲೆ ಕೂತು ಓದಿ ಹೇಳಿ, ಚಿತ್ರ ತೋರಿಸಿ, ಚಾ ಕುಡಿದು ಹೋಗುತ್ತಿದ್ದನಂತೆ. ಮಂಚದ ಮೇಲಿದ್ದ ಅಪ್ಪನಿಗೂ ಕೇಳಲಿ ಎಂದು ಗಟ್ಟಿಯಾಗಿ. ಅವ್ವ ರಬ್ಬರ್‌ಳನ್ನು ಮೊದಲು ಕೇಳಿದ್ದು, ‘ಆ ಬೋಳುತಲಿ ಸಾವ್ಕಾರ ಅರಾಮದಾನನವ್ವಾ? ಹೋದ ವಾರ ಬರಲೇ ಇಲ್ಲ’ ಎಂದು.

ಹದಿನೈದು ದಿನ ಕಳೆದ ಮೇಲೆ ನನಗೊಂದು ಕಾರ್ಡು ಬಂತು. ವಿಳಾಸ ಎಚ್‌ಬಿಯ ಕೈಬರಹ. ಹಿಂದೆ ತಿರುಗಿಸಿದರೆ ಚಿತ್ರ ಇಲ್ಲ, ಚಹಾ ಲೋಟ ಇಟ್ಟ ಕಂದು ಉಂಗುರ ಒಂದೇ. ಕೆಳಗೆ ಒಂದು ಸಾಲು: ‘ಬಿಡಿಸಬೇಕೆಂದು ಕಾರ್ಡ್ ತೆಗೆದಿಟ್ಟಿದ್ದೆ, ಅವ್ವ ಲೋಟ ಇಟ್ಟಳು. ಈ ವಾರ ಅವಳ ಚಿತ್ರ, ಮುಂದಿನ ವಾರ ನನ್ನದು.’

ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಗುಲಾಬಿಗಳ ನಡುವೆ ಅದೇ ಮೊದಲ ಸಲ ಕೆಲಸಕ್ಕೆ ಬಂದ ಗ್ರೂಪು. ಆ ವಾರ ಸರದಿ ಮುರಿದು ಆರೂ ಜನ ಕಾರ್ಡಿನ ಮೇಲೆ ಚಹಾ ಲೋಟ ಇಟ್ಟು ಅವ್ವನಿಗೇ ಕಳಿಸಿದೆವು. ಉಂಗುರವನ್ನು ಸಿಕ್ಸ್ ಬಿ ಬೋಳುತಲೆ ಮಾಡಿದ್ದ, ರಬ್ಬರ್ ಮಫ್ಲರ್ ನಾಯಿಯ ಮುಖ, ಈಜಲ್ ಅಜ್ಜಿಯ ಮೂಗುಬಟ್ಟು, ಜೇಡಿ ಗಣಪನ ಹೊಟ್ಟೆ, ಟರ್ಪೆಂಟೈನ್ ಹತ್ತು ರೂಪಾಯಿ ನಾಣ್ಯ. ನಾನು ಟ್ರ್ಯಾಕ್ಟರಿನ ಚಕ್ರ ಮಾಡಿದೆ.

ಎಚ್‌ಬಿ ಹೇಳಿದಂತೆ ಮುಂದಿನ ವಾರ ಬರೆದ. ಮಂಚದ ಮೇಲೆ ಕೂತು ಕಾರ್ಡು ನೋಡಿ ಸೊಟ್ಟ ಬಾಯಲ್ಲಿ ನಗುತ್ತಿರುವ ಅಪ್ಪ. ಏಳೆಂಟು ಗೆರೆ, ಅಷ್ಟೇ. ನನ್ನ ಕೈ ಸುಮಾರು ಹೊತ್ತು ಆ ಕಾರ್ಡು ಬಿಡಲಿಲ್ಲ. ಅವನು ಮತ್ತೆ ಓದಲು ಹೋಗಿಲ್ಲ, ಈ ವರ್ಷ ಹೋಗುವ ಹಾಗೂ ಇಲ್ಲ. ಅಪ್ಪ ಗೋಡೆ ಹಿಡಿದು ನಡೆಯುತ್ತಾರೆ, ಮೆಕ್ಕೆಜೋಳದ ರೇಟು ಏರಿ ಇಳಿಯುತ್ತದೆ. ವಾರಕ್ಕೊಂದು ಕಾರ್ಡು ಮಾತ್ರ ತಪ್ಪಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಇದರಿಂದ ಯಾರಿಗೂ ಕೆಲಸ ಸಿಕ್ಕಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಅರ್ಜಿ ಹಾಕಿ, ಕಾದು, ಮತ್ತೆ ಅರ್ಜಿ ಹಾಕುವ ದಿನಗಳಲ್ಲಿ ‘ಇವತ್ತು ನಂದೂ ಒಂದು ಸುದ್ದಿ ಇದೆ’ ಅನಿಸುವುದು ಸಣ್ಣ ವಿಷಯವಲ್ಲ. ಚಿತ್ರ ಬರಬೇಕೆಂದೇನೂ ಇಲ್ಲ, ಲೋಟ ಇಡಲು ಬಂದರೆ ಸಾಕು. ಹತ್ತು ರೂಪಾಯಿಗೆ ಇಪ್ಪತ್ತು ಕಾರ್ಡು ಬರುತ್ತವೆ.

ಮುಂದಿನ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಏಳೂ ಜನ ಸೇರಿ ಒಂದು ಮಳಿಗೆ ಹಾಕಬೇಕು ಎಂಬ ಮಾತು ನಡೆದಿದೆ. ಕಾರ್ಡುಗಳನ್ನು ಮಾರುವುದೋ ಬೇಡವೋ ಎಂದು ಇನ್ನೂ ಜಗಳ ಇದೆ. ‘ಎಂಟಾಣೆ ಕಾರ್ಡಿಗೆ ನೂರು ರೂಪಾಯಾ ಅಂತ ಗಿರಾಕಿ ಕೇಳಿದ್ರೆ ಏನ್ ಹೇಳೋದು?’ ಎಂಬುದು ಸಿಕ್ಸ್ ಬಿಯ ಚಿಂತೆ. ಅದಕ್ಕಿಂತ ಮೊದಲು ಈಜಲ್‌ನ ಮದುವೆ ಇದೆ. ಲಗ್ನಪತ್ರಿಕೆಯನ್ನು ನಾವೇ ಬಿಡಿಸುತ್ತಿದ್ದೇವೆ, ಗಣಪತಿ ಮಾತ್ರ ಎಚ್‌ಬಿಯದು. ರಾಣೆಬೆನ್ನೂರಿನ ಮಾವನವರ ಒಂದೇ ಬೇಡಿಕೆ: ವರನ ಹೆಸರಿನ ಕೆಳಗೆ ‘ಆರ್ಟಿಸ್ಟ್’ ಅಂತ ಹಾಕಿ, ಪಕ್ಕದಲ್ಲಿ ‘ಸೀರಿಯಲ್ ಅಲ್ಲ’ ಅಂತಲೂ ಹಾಕಬೇಕಂತೆ.