ಪ್ಲಾಸ್ಟಿಕ್ ಕುಳಿಯಲ್ಲಿ ಪ್ರತಿಕಾಯ ಯಾವ ಮಗ್ಗುಲಾಗಿ ಕೂರುತ್ತದೆ?

ಕೊಪ್ಪಳ ಸೀಮೆಯ ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ಆಸರೆಯಿದೆ. ಕುಷ್ಟಗಿ, ಯಲಬುರ್ಗಾದ ಒಣ ಸೀಮೆಯಲ್ಲಿ ಹಾಗಲ್ಲ. ನೀರು ಬಂದಾಗ ಡ್ರಮ್ಮು, ತೊಟ್ಟಿಗಳಲ್ಲಿ ಹಿಡಿದಿಡಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲೇ. ಜ್ವರ ಡೆಂಗಿಯದೇ ಎಂದು ಖಚಿತಪಡಿಸಿಕೊಳ್ಳಲು ರಕ್ತವನ್ನು ಎಲೈಸಾ ಪರೀಕ್ಷೆಗೆ ಒಡ್ಡುತ್ತಾರೆ. ಅದಕ್ಕೆ ಬೇಕಾದದ್ದು 96 ಪುಟ್ಟ ಕುಳಿಗಳಿರುವ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆ. ಕುಳಿಯ ಒಳಗೋಡೆಗೆ ಮೊದಲೇ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ಹತ್ತಿಸಿರುತ್ತಾರೆ. ರಕ್ತದ ಸೀರಮ್ ಹಾಕಿದಾಗ ಅವು ತಮ್ಮ ಗುರಿಯನ್ನು ಹಿಡಿದುಕೊಳ್ಳುತ್ತವೆ. ಮಿಕ್ಕದ್ದನ್ನು ತೊಳೆದು, ಕಿಣ್ವದ ನೆರವಿನಿಂದ ಬಣ್ಣ ಬರಿಸಿ ಫಲಿತಾಂಶ ಓದುತ್ತಾರೆ. ಸ್ವೀಡನ್ನಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ 1971ರಲ್ಲಿ ಪ್ರಕಟಿಸಿದ ವಿಧಾನವಿದು.

ಪ್ರತಿಕಾಯವನ್ನು ಪ್ಲಾಸ್ಟಿಕ್ಕಿಗೆ ಹತ್ತಿಸಲು ಸಾಮಾನ್ಯವಾಗಿ ಯಾವ ಅಂಟನ್ನೂ ಬಳಸುವುದಿಲ್ಲ ಎಂಬುದೇ ಸೋಜಿಗ. ಪಾಲಿಸ್ಟೈರೀನ್‌ಗೂ ನೀರಿಗೂ ಆಗಿಬರುವುದಿಲ್ಲ. ಪ್ರೋಟೀನಿನ ಕೆಲವು ಭಾಗಗಳಿಗೂ ಅಷ್ಟೇ. ನೀರನ್ನು ಆಚೆ ತಳ್ಳಿ ಎರಡೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆದರೆ ಪ್ರತಿಕಾಯದ ಆಕಾರ ಕವೆಗೋಲಿನದು, ಹಿಡಿಯುವ ಜಾಗ ಎರಡು ಕವಲುಗಳ ತುದಿಯಲ್ಲಿದೆ. ಬುಡ ಊರಿ ನಿಂತರೆ ಎರಡೂ ಕವಲು ಕೆಲಸಕ್ಕೆ ಸಿಗುತ್ತವೆ. ತಲೆಕೆಳಗಾದರೆ ಹಿಡಿಯುವ ಜಾಗವೇ ಗೋಡೆಗೆ ಅಂಟಿ ಮುಚ್ಚಿಹೋಗುತ್ತದೆ. ಕೆಲವಂತೂ ಒತ್ತಡಕ್ಕೆ ಆಕಾರವನ್ನೇ ಕಳೆದುಕೊಳ್ಳುತ್ತವೆ. ಹತ್ತು ಹದಿನೈದು ನ್ಯಾನೋಮೀಟರ್ ಗಾತ್ರದ ಈ ಕಣ ಕೂರುವ ಕ್ಷಣವನ್ನು ಸಾಮಾನ್ಯ ಸೂಕ್ಷ್ಮದರ್ಶಕ ತೋರಿಸಲಾರದು.

ಹಾಗಾಗಿ ಕಂಪ್ಯೂಟರಿನ ಮೊರೆ. ಪ್ರತಿ ಪರಮಾಣುವಿನ ಮೇಲೂ ಬೀಳುವ ಬಲವನ್ನು ಲೆಕ್ಕಹಾಕಿ, ಆ ಪರಮಾಣುವನ್ನು ತುಸು ಸರಿಸಿ, ಮತ್ತೆ ಲೆಕ್ಕ ಹಾಕುವುದು. ದ್ರವಗಳ ಅಧ್ಯಯನಕ್ಕೆ ಈ ದಾರಿ ತೆರೆದವರಲ್ಲಿ ಮೊದಲಿಗರು ಅನೀಸುರ್ ರೆಹಮಾನ್. ಕೊಪ್ಪಳ ಸೀಮೆ ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ, 1927ರಲ್ಲಿ, ಅದರ ರಾಜಧಾನಿ ಹೈದರಾಬಾದಿನಲ್ಲಿ ಹುಟ್ಟಿದವರು. 1964ರಲ್ಲಿ ಅಮೆರಿಕದಲ್ಲಿ 864 ಆರ್ಗಾನ್ ಪರಮಾಣುಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಮೂಡಿಸಿದರು. ನಮ್ಮ ಶಾಲೆಗಳಲ್ಲಿ ಅವರ ಹೆಸರು ಕೇಳಿಬರಬೇಕು.

ಪ್ರತಿಕಾಯವೊಂದರಲ್ಲೇ ಸುಮಾರು 20,000 ಪರಮಾಣುಗಳು. ಸುತ್ತಲಿನ ನೀರು ಸೇರಿದರೆ ಲಕ್ಷಗಟ್ಟಲೆ. ಒಂದೊಂದು ಹೆಜ್ಜೆ ಸೆಕೆಂಡಿನ ಸಾವಿರ ಲಕ್ಷ ಕೋಟಿ ಪಾಲುಗಳಲ್ಲಿ ಎರಡು ಪಾಲಿನಷ್ಟು. ಒಂದು ಮೈಕ್ರೋಸೆಕೆಂಡ್ ತಲುಪಲು 50 ಕೋಟಿ ಹೆಜ್ಜೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗದಂಥ ಮಹಾಗಣಕಗಳು ಬೇಕಾಗುವುದು ಇಂಥ ಕೆಲಸಕ್ಕೇ.

ಅಷ್ಟು ವಿವರ ಬೇಡವೆಂದರೆ ಹಲವು ಪರಮಾಣುಗಳನ್ನು ಒಂದೇ ಮಣಿಯಾಗಿ ಎಣಿಸಬಹುದು. ಸಿಯಾಟಲ್‌ನಲ್ಲಿ ಶಾವೊಯಿ ಜಿಯಾಂಗ್ ಅವರ ತಂಡ 2003-04ರ ಸುಮಾರಿಗೆ ಇಂಥ ಸರಳ ಮಾದರಿಗಳಿಂದಲೇ ಮುಖ್ಯವಾದ ಸಂಗತಿಯೊಂದನ್ನು ತೋರಿಸಿತು. ಮೇಲ್ಮೈಯಲ್ಲಿ ಧನ ವಿದ್ಯುದಂಶ ಪ್ರಬಲವಾಗಿದ್ದರೆ ಪ್ರತಿಕಾಯ ಬುಡ ಊರಿ ನಿಲ್ಲಲು ಒಲಿಯುತ್ತದೆ; ಋಣವಾಗಿದ್ದರೆ ತಲೆಕೆಳಗಾಗುತ್ತದೆ. ದ್ರಾವಣದಲ್ಲಿ ಉಪ್ಪು ಹೆಚ್ಚಿದಷ್ಟೂ ಈ ಸೆಳೆತ ಮಂಕಾಗುತ್ತದೆ. ತಟ್ಟೆಯ ಮೇಲ್ಮೈಯನ್ನು ಹದಗೊಳಿಸುವವರಿಗೆ, ದ್ರಾವಣದ ಉಪ್ಪು, ಕ್ಷಾರತೆ ನಿರ್ಧರಿಸುವವರಿಗೆ ಇದಕ್ಕಿಂತ ನೇರವಾದ ಸುಳಿವು ಸಿಗುವುದು ಕಷ್ಟ.

ಆದರೂ ಪ್ರಯೋಗಾಲಯದಲ್ಲಿ ಪ್ರತಿಕಾಯ ಹತ್ತಿಸಲು ತಟ್ಟೆಯನ್ನು 4 ಡಿಗ್ರಿ ತಂಪಿನಲ್ಲಿ ಇಡೀ ರಾತ್ರಿ ಇಡುವ ರೂಢಿಯಿದೆ. ಪರಮಾಣು ಮಟ್ಟದ ಲೆಕ್ಕ ತಲುಪುವುದು ಮೈಕ್ರೋಸೆಕೆಂಡುಗಳ ಆಸುಪಾಸಿಗೆ, ಅಂದರೆ ಮೊದಲ ಸ್ಪರ್ಶದವರೆಗೆ. ಮುಂದಿನ ಗಂಟೆಗಳಲ್ಲಿ ಆಗುವ ಬದಲಾವಣೆಗಳನ್ನು ಈಗಲೂ ನಿಜವಾದ ಕುಳಿಗಳಲ್ಲಿ ಅಳೆದೇ ತಾಳೆ ನೋಡಬೇಕು.